ಫೋನಿನೊಳಗೆ ಬಿದ್ದುಹೋದ ಗೌರವ್ವತ್ತಿ

ಹೊಟ್ಟೆಪಾಡಿಗಾಗಿ ಮನುಷ್ಯ ಊರಿಗೆಲ್ಲ ಕಲಿಸುವ ವಿದ್ಯೆ ಅವನ ಮನೆಯ ಹೊಸ್ತಿಲು ದಾಟಿ ಒಳಗೆ ಬರುವುದಿಲ್ಲ ಎಂಬುದು ನನ್ನ ಅನುಭವ. ನಮ್ಮ ಓಣಿಯ ಡಾಕ್ಟರರ ಮನೆಯಲ್ಲಿ ವರ್ಷವಿಡೀ ಯಾರಾದರೊಬ್ಬರು ಕೆಮ್ಮುತ್ತಿರುತ್ತಾರೆ. ಗಣಿತ ಕಲಿಸುವ ನನ್ನ ಗೆಳೆಯರೊಬ್ಬರು ಹೆಂಡತಿ ಜೊತೆಗಿಲ್ಲದೆ ಸಂತೆಗೆ ಹೋಗುವುದಿಲ್ಲ, ಬದನೆಕಾಯಿಯವಳ ಲೆಕ್ಕ ಅವರ ತಲೆಗೆ ಹತ್ತುವುದಿಲ್ಲ. ನನ್ನದೂ ಅದೇ ಹಣೆಬರಹ. ಸಿಂದಗಿಯ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ನಾನು ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ಅದರಲ್ಲೂ ನನ್ನ ಮೆಚ್ಚಿನ ಪಾಠವೆಂದರೆ, ಇಂಟರ್ನೆಟ್ಟಿನ ಮೇಲೆ ಮಾತು ಹೋಗುವಾಗ ದಾರಿಯಲ್ಲಿ ಕಳೆದುಹೋದ ತುಣುಕುಗಳನ್ನು ಮರಳಿ ಪಡೆಯುವ ಉಪಾಯಗಳು. ಈ ಪಾಠದ ದಿನ ಕೊನೆಯ ಬೆಂಚಿನವರೂ ಎಚ್ಚರವಾಗಿರುತ್ತಾರೆ ಎಂದು ನನಗೊಂದು ಹಮ್ಮು ಇತ್ತು. ಅಂಥ ನಾನು ನನ್ನ ಸ್ವಂತ ಮಗಳ ಲಗ್ನಕ್ಕೆ ಕರೆಯುವಾಗ, ಎಲ್ಲರಿಗಿಂತ ಮೊದಲು ಕರೆಯಬೇಕಾದವರ ಹೆಸರನ್ನೇ ಫೋನಿನಲ್ಲಿ ಕಳೆದುಕೊಂಡು ಕೂತೆ.

ಪಾಠವನ್ನು ಇಲ್ಲಿಯೂ ಒಂದಿಷ್ಟು ಹೇಳಿಬಿಡುತ್ತೇನೆ, ಮುಂದಿನ ಕಥೆಗೆ ಬೇಕಾಗುತ್ತದೆ. ಇಂಟರ್ನೆಟ್ ಫೋನಿನಲ್ಲಿ ನಾವು ಆಡಿದ ಮಾತು ಇಡಿಯಾಗಿ ಹೋಗುವುದಿಲ್ಲ. ಫೋನು ಅದನ್ನು ಸಣ್ಣ ಸಣ್ಣ ತುಂಡು ಮಾಡಿ, ಒಂದೊಂದನ್ನೂ ಪೊಟ್ಟಣ ಕಟ್ಟಿ ಕಳಿಸುತ್ತದೆ. ಇವಕ್ಕೆ ಪ್ಯಾಕೆಟ್ ಎಂದು ಹೆಸರು. ಒಂದೇ ಲಗ್ನಕ್ಕೆ ಹೊರಟ ನೆಂಟರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಸಿಕ್ಕ ಬಸ್ಸು ಹತ್ತುವ ಹಾಗೆ ಈ ಪ್ಯಾಕೆಟ್ಟುಗಳು ತಮಗೆ ಸಿಕ್ಕ ದಾರಿ ಹಿಡಿಯುತ್ತವೆ. ಕೆಲವು ಬೇಗ ಮುಟ್ಟುತ್ತವೆ, ಕೆಲವು ತಡವಾಗುತ್ತವೆ, ಕೆಲವು ಎಲ್ಲಿ ಇಳಿದವೋ ದೇವರಿಗೇ ಗೊತ್ತು. ಫೋಟೋ, ಕಾಗದಪತ್ರ ಕಳಿಸುವಾಗ ಒಂದು ಪ್ಯಾಕೆಟ್ ಬರಲಿಲ್ಲವೆಂದರೆ ಇನ್ನೊಮ್ಮೆ ಕಳಿಸು ಎಂದು ಕೇಳಬಹುದು. ಮಾತಿನಲ್ಲಿ ಅದಕ್ಕೆ ಪುರಸೊತ್ತಿಲ್ಲ. ಬರ್ರಿ ಎಂದ ಮಾತಿನ ತುಣುಕು ನೆಂಟರು ಉಂಡು ಎಲಿ ಅಡಿಕಿ ಹಾಕಿಕೊಂಡ ಮೇಲೆ ಮುಟ್ಟಿದರೆ ಯಾರಿಗೆ ಬೇಕು? ಆದ್ದರಿಂದ ತಡವಾಗಿ ಬಂದ ಪ್ಯಾಕೆಟ್ಟನ್ನು ಫೋನು ಒಳಗೇ ಸೇರಿಸುವುದಿಲ್ಲ, ಬಾಗಿಲಿನಿಂದಲೇ ಸಾಗಹಾಕುತ್ತದೆ.

ಹಾಗಾದರೆ ಹೋದ ತುಣುಕಿನ ಜಾಗಕ್ಕೆ ಏನು ಮಾಡಬೇಕು? ಖಾಲಿ ಬಿಟ್ಟರೆ ಕಿವಿಗೆ ಕಚ್ ಕಚ್ ಎಂದು ಹೊಡೆಯುತ್ತದೆ. ಅದಕ್ಕೆ ಫೋನು ಹಿಂದಿನ ದನಿಯನ್ನೂ ಮುಂದಿನ ದನಿಯನ್ನೂ ನೋಡಿ, ಅದೇ ಬಣ್ಣದ ಒಂದು ಚೂರು ದನಿ ತಾನೇ ನೇಯ್ದು ನಡುವೆ ಕೂಡಿಸುತ್ತದೆ. ನಾನು ವಿಜಯಪುರದಲ್ಲಿ ಓದುತ್ತಿದ್ದಾಗ ಪೇಟೆಯಲ್ಲಿ ಒಬ್ಬ ರಫುಗಾರನಿದ್ದ. ಸುಟ್ಟು ತೂತಾದ ಕೋಟಿಗೆ ಅದೇ ಕೋಟಿನ ಒಳಅಂಚಿನ ಎಳೆ ತೆಗೆದು ರಫು ಮಾಡಿಕೊಟ್ಟರೆ, ತೂತು ಎಲ್ಲಿತ್ತೆಂದು ಕೋಟಿನ ಯಜಮಾನನೇ ಹುಡುಕಬೇಕು. ಫೋನು ಮಾಡುವುದೂ ಅದೇ ರಫು. ಇದಲ್ಲದೆ ಇನ್ನೊಂದು ಉಪಾಯವೂ ಇದೆ. ಪ್ರತಿ ಪ್ಯಾಕೆಟ್ಟೂ ತನ್ನ ಸರಕಿನ ಜೊತೆಗೆ ತನಗಿಂತ ಮುಂಚೆ ಹೊರಟ ಪ್ಯಾಕೆಟ್ಟಿನ ಒಂದು ಸಣ್ಣ ನಕಲನ್ನು ಕಟ್ಟಿಕೊಂಡು ಹೋಗುವುದು. ಮುಂಚೆ ಹೊರಟದ್ದು ದಾರಿಯಲ್ಲಿ ಕಳೆದರೂ ಹಿಂದಿನಿಂದ ಬಂದದ್ದರ ಗಂಟು ಬಿಚ್ಚಿದರೆ ಅದು ಸಿಗುತ್ತದೆ. ನಮ್ಮ ಅಪ್ಪನ ಕಾಲದ ಟ್ರಂಕ್ ಕಾಲಿನಲ್ಲಿ ಇದಾವುದೂ ಇರಲಿಲ್ಲ. ಅಪ್ಪ ಪೋಸ್ಟಾಫೀಸಿನಲ್ಲಿ ನಿಂತು ಕೂಗಿದರೆ ಫೋನಿಲ್ಲದೆಯೇ ಇಂಡಿ ಊರಿಗೆ ಕೇಳುವಂತಿರುತ್ತಿತ್ತು. ಕರಕರ ಸಪ್ಪಳದ ನಡುವೆ ಒಂದು ಮಾತು ಬಿದ್ದರೆ ಎರಡೂ ಕಡೆಯವರಿಗೆ ಬಿದ್ದದ್ದು ಗೊತ್ತಾಗುತ್ತಿತ್ತು, ಏನಂದ್ರಿ ಎಂದು ಕೇಳುತ್ತಿದ್ದರು, ಅಪ್ಪ ಇನ್ನಷ್ಟು ಕೂಗುತ್ತಿದ್ದರು.

ನಮ್ಮ ಮನೆ ಹಳೆಯ ಮಣ್ಣಿನ ಮಾಳಿಗೆಯದು. ಬೇಸಿಗೆಯಲ್ಲಿ ಒಳಗೆ ತಂಪೋ ತಂಪು. ಗೋಡೆಗಳು ಬಿಸಿಲನ್ನು ಹೇಗೆ ಒಳಗೆ ಬಿಡುವುದಿಲ್ಲವೋ ಮೊಬೈಲಿನ ಸಿಗ್ನಲ್ಲನ್ನೂ ಹಾಗೆಯೇ ಬಿಡುವುದಿಲ್ಲ. ಮೊದಲು ಮಾತಾಡಬೇಕೆಂದರೆ ಮಾಳಿಗೆ ಹತ್ತಿ, ಹಪ್ಪಳ ತುಳಿಯದಂತೆ ಮೂಲೆಗೆ ಹೋಗಿ ನಿಲ್ಲಬೇಕಾಗಿತ್ತು. ಆಮೇಲೆ ಮನೆಗೆ ವೈಫೈ ಬಂತು. ಅದರ ಡಬ್ಬಿಯನ್ನು ನನ್ನ ಹೆಂಡತಿ ವಿಜಯಾ ಜೋಳದ ಕಣಜದ ಮೇಲೆ ಪ್ರತಿಷ್ಠೆ ಮಾಡಿದಳು, ಅಲ್ಲಿ ಇಲಿಯ ಕಾಟ ಕಡಿಮೆ ಎಂದು. ಈಗ ನಮ್ಮ ಮಾತೆಲ್ಲ ಆ ಕಣಜದ ಮೇಲಿನಿಂದಲೇ ಲೋಕಕ್ಕೆ ಹೋಗುತ್ತದೆ. ಮಗಳು ಸ್ವಾತಿ ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ, ಅಲ್ಲಿಯೇ ಒಂದು ಒಳ್ಳೆಯ ಸಂಬಂಧ ಕೂಡಿಬಂತು. ಬೀಗರ ಜೊತೆ ನಮ್ಮ ಮೊದಲ ಮಾತುಕತೆಯೂ ಇದೇ ವೈಫೈ ಮೇಲೆ ನಡೆಯಿತು. ದನಿ ಮುಟ್ಟುವುದು ತುಸು ತಡವಾದ್ದರಿಂದ ನಾನು ಹೇಳ್ರಿ ಎನ್ನುವುದೂ ಅವರು ಹೇಳ್ರಿ ಎನ್ನುವುದೂ ಒಮ್ಮೆಗೇ ಡಿಕ್ಕಿ ಹೊಡೆಯುತ್ತಿದ್ದವು. ಇಲ್ರಿ ನೀವು ಹೇಳ್ರಿ ಎಂದು ನಾನು, ಹಂಗಲ್ರಿ ನೀವು ಹಿರೇರು ಎಂದು ಅವರು. ಇಷ್ಟು ಮರ್ಯಾದೆಸ್ಥರು ಎಲ್ಲಿ ಸಿಗಬೇಕು ಎಂದು ವಿಜಯಾ ಅಂದೇ ಸಂಬಂಧಕ್ಕೆ ಒಪ್ಪಿಗೆ ಕೊಟ್ಟಳು.

ಮುಹೂರ್ತ ಹತ್ತಿರದಲ್ಲೇ ಸಿಕ್ಕಿತು. ನಮ್ಮ ಕಡೆ ಲಗ್ನ ಗೊತ್ತಾದ ಕೂಡಲೇ, ಪತ್ರಿಕೆ ಅಚ್ಚಾಗುವ ಮುಂಚೆಯೇ, ಹೆಣ್ಣಿನ ತಂದೆ ಹತ್ತಿರದವರಿಗೆ ಬಾಯಿಮಾತಿನ ಕರೆ ಮುಟ್ಟಿಸಬೇಕು. ಮೊದಲ ಕರೆ ಹೆಂಡತಿಯ ತವರುಮನೆಗೆ. ಇದರಲ್ಲಿ ಎರಡು ಕಟ್ಟುನಿಟ್ಟಿವೆ. ಒಂದು, ಎಲ್ಲಾರೂ ಬರ್ರಿ ಎಂದು ಒಟ್ಟಾರೆ ಕರೆಯುವಂತಿಲ್ಲ. ಎಲ್ಲಾರೂ ಅಂದರೆ ಯಾರೂ ಅಲ್ಲ ಎಂದರ್ಥ. ಮನೆಯ ಹಿರಿಯರಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಹೆಸರು ಹಿಡಿದು ಕರೆಯಬೇಕು. ಹೆಸರು ಬಿಟ್ಟುಹೋದವರು ಬಾಯಿ ಬಿಟ್ಟು ಏನೂ ಅನ್ನುವುದಿಲ್ಲ, ಬರುವುದಿಲ್ಲ ಅಷ್ಟೇ. ಹೀಗೆ ಒಂದು ಹೆಸರು ಬಿಟ್ಟಿದ್ದಕ್ಕೆ ಎರಡು ಮನೆಗಳು ತಲೆಮಾರು ದಾಟಿದರೂ ಒಂದರ ನೀರು ಇನ್ನೊಂದು ಕುಡಿಯದ ಉದಾಹರಣೆ ನಮ್ಮ ಓಣಿಯಲ್ಲಿಯೇ ಇದೆ. ಎರಡನೆಯದು, ಒಬ್ಬರನ್ನು ಕರೆಯುವಾಗ ಅವರಿಗಿಂತ ಮುಂಚೆ ಯಾರಿಗೆ ಹೇಳಿ ಬಂದೆವೆಂದು ತಿಳಿಸಬೇಕು. ಇಲ್ಲದಿದ್ದರೆ ತಾವೇ ಕೊನೆ ಎಂದು ಅವರು ಅಂದುಕೊಳ್ಳುತ್ತಾರೆ. ಇದನ್ನೆಲ್ಲ ವಿಜಯಾ ನನಗೆ ಎರಡೆರಡು ಸಲ ಹೇಳಿಕೊಟ್ಟು, ಪಕ್ಕದ ಮನೆಗೆ ಸಕ್ಕರೆ ಹಂಚಲು ಹೋದಳು. ಅವಳು ಆಗ ಹೋಗಬಾರದಾಗಿತ್ತು.

ಅವಳ ತವರು ಬಸವನ ಬಾಗೇವಾಡಿ. ಅಲ್ಲಿ ಅವಳ ತಮ್ಮ ಗುರಣ್ಣನಿಗೆ ಬೀಜ-ಗೊಬ್ಬರದ ಅಂಗಡಿ ಇದೆ. ಅವನು ಸ್ವಾತಿಯ ಸೋದರಮಾವ, ಲಗ್ನದ ದಿನ ಅವಳ ಕೈಹಿಡಿದು ಹಂದರದೊಳಗೆ ಕರೆತರಬೇಕಾದವನು. ಅವನ ಮನೆಯ ಹಿರಿಯ ಜೀವ ಗೌರವ್ವತ್ತಿ, ಅಂದರೆ ವಿಜಯಾಳ ತಂದೆಯ ಅಕ್ಕ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ವಿಜಯಾಳ ತಾಯಿ ತೀರಿಹೋದಾಗ ಇಬ್ಬರೂ ಮಕ್ಕಳನ್ನು ತಮ್ಮ ಎರಡು ಮಗ್ಗುಲಲ್ಲಿ ಮಲಗಿಸಿಕೊಂಡು ಬೆಳೆಸಿದವರು. ನಾನು ಹೆಣ್ಣು ನೋಡಲು ಹೋದಾಗ, ಮಾಸ್ತರ, ಸಂಬಳ ಎಷ್ಟು, ಸಿಟ್ಟು ಎಷ್ಟು ಎಂದು ಕೇಳಿದವರೂ ಅವರೇ. ಎರಡೂ ಕಡಿಮೆ ಎಂದು ನಾನು ಹೇಳಿದ್ದಕ್ಕೆ ಹೆಣ್ಣು ಕೊಟ್ಟರು.

ನಾನು ಫೋನು ಹಚ್ಚಿದೆ. ಗುರಣ್ಣ ಎತ್ತಿಕೊಂಡು, ಸ್ಪೀಕರಿಗೆ ಹಾಕಿ, ನಡುಮನೆಯ ಸ್ಟೂಲಿನ ಮೇಲಿಟ್ಟ. ಸುತ್ತ ಮನೆಮಂದಿಯೆಲ್ಲ ಕೂತದ್ದು ಕೆಮ್ಮು, ಬಳೆ ಸಪ್ಪಳಗಳಿಂದ ತಿಳಿಯಿತು. ಲಗ್ನ ಗೊತ್ತಾದ ಸುದ್ದಿ ಹೇಳಿದೆ. ಆಮೇಲೆ ಗಂಟಲು ಸರಿ ಮಾಡಿಕೊಂಡು, ಹಿರಿಯರ ಹೆಸರಿಗೆ ಮುಂಚೆ ಒಂದು ಗಳಿಗೆ ಗೌರವದಿಂದ ಸುಮ್ಮನಿದ್ದು, ಹೆಸರುಗಳನ್ನು ಒಂದೊಂದಾಗಿ ಹೇಳಿದೆ. ಗುರಣ್ಣನ ಸಣ್ಣ ಮಗನ ಹೆಸರು ಬರುವಷ್ಟರಲ್ಲಿ ನನಗೇ ನನ್ನ ಬಗ್ಗೆ ಮೆಚ್ಚುಗೆ ಮೂಡಿತ್ತು. ಆತ್ರಿ, ನೋಡೂಣ್ರಿ ಎಂದ ಗುರಣ್ಣ. ಸೋದರಮಾವ ನೋಡೋಣ ಎನ್ನುವುದೇ ಅಪಶಕುನ, ಆದರೆ ಅದು ನನ್ನ ತಲೆಗೆ ಹೋಗಲಿಲ್ಲ. ಅದೇ ಹುರುಪಿನಲ್ಲಿ ಇಂಡಿಗೆ, ನನ್ನ ಅಕ್ಕ ಶಾರದಕ್ಕನಿಗೆ ಫೋನು ಹಚ್ಚಿ ಅವಳ ಮನೆಯನ್ನೂ ಕರೆದು ಮುಗಿಸಿದೆ.

ಮೊದಲ ಸೂಚನೆ ವಾಟ್ಸಾಪಿನಲ್ಲಿ ಬಂತು, ಅಂದರೆ ಬರಲಿಲ್ಲ. ಗುರಣ್ಣ ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರವೊಂದನ್ನು ಶುಭೋದಯ ಎಂದು ಬರೆದು ಊರಿಗೆಲ್ಲ ಕಳಿಸುವವನು. ಆ ಹೂವಿನ ಕಾಟ ತಪ್ಪಿಸಯ್ಯಾ ಎಂದು ನಾನು ದೇವರನ್ನು ಬೇಡಿಕೊಂಡದ್ದೂ ಉಂಟು. ಅದು ಬರುವುದು ನಿಂತಿತು. ನಾನು ದೇವರಿಗೆ ವಂದಿಸಿ ಸುಮ್ಮನಾದೆ. ಮತ್ತೆರಡು ದಿನಕ್ಕೆ ಇಂಡಿಯಿಂದ ಶಾರದಕ್ಕನ ಫೋನು. ಅವಳು ತೋಟದಲ್ಲಿ ನಿಂಬೆಗಿಡದ ಕೆಳಗೆ ನಿಂತು ಮಾತಾಡುತ್ತಾಳೆ, ಅಲ್ಲಿ ಸಿಗ್ನಲ್ ಚೆನ್ನ. ನಾಲ್ಕು ತಾಲೂಕಿನ ನೆಂಟರ ಸುದ್ದಿ ಅವಳಿಗೆ ಅಲ್ಲಿಯೇ ಬಂದು ಮುಟ್ಟುತ್ತದೆ.

"ಏನೋ ತಮ್ಮಾ, ಬಾಗೇವಾಡಿ ಗೌರವ್ವನ ಒಬ್ಬಾಕಿನ್ನ ಬಿಟ್ಟು ಉಳದವರ್ನೆಲ್ಲಾ ಕರದಿಯಂತ" ಎಂದಳು. "ಮುದುಕಿ ಎರಡು ದಿನಾತು ಯಾರ ಜೋಡಿನೂ ಮಾತಾಡವಲ್ದು. ಆಕಿ ಬರಾಂಗಿಲ್ಲಂದ್ರ ಗುರಣ್ಣನೂ ಬರಾಂಗಿಲ್ಲಂತ. ಕೂಸಿನ ಕೈ ಯಾರ ಹಿಡೀತಾರ?"

ಕರೆದಿದ್ದೇನೆ, ಮೊದಲ ಹೆಸರೇ ಅವರದು ಎಂದು ಆಣೆ ಮಾಡಿದೆ. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ವಿಜಯಾ ಒಳಗೆ ಹೋಗಿ, ಹಿಟ್ಟು ನಾದುತ್ತಿದ್ದ ಪರಾತದ ಮುಂದೆ ಕೂತು ಅತ್ತಳು. ಅವಳು ಅಳುವುದು ಅಪರೂಪ. ನಾನು ಎದುರು ಕೂತು, ಇದು ನನ್ನ ತಪ್ಪಲ್ಲ, ಪ್ಯಾಕೆಟ್ಟಿನದು ಎಂದು ಶುರು ಮಾಡಿದೆ. ಫೋನು ಮೌನವನ್ನು ಕಳಿಸುವುದಿಲ್ಲ, ಅದು ದಂಡ ಎಂದು ಉಳಿಸಿಕೊಳ್ಳುತ್ತದೆ. ನಾವು ಸುಮ್ಮನಿದ್ದು ಮತ್ತೆ ಬಾಯಿ ತೆರೆದಾಗ ಅದು ಎಚ್ಚರಾಗಲು ಒಂದು ಕ್ಷಣ ಬೇಕು. ಅಷ್ಟರಲ್ಲಿ ಮೊದಲ ಮಾತು ಹಾರಿಹೋಗಬಹುದು. ಅದರ ಬೆನ್ನಿಗೇ ಒಂದೆರಡು ಪ್ಯಾಕೆಟ್ ಬಿದ್ದಿದ್ದರೆ ಮುಗಿಯಿತು. ಒಟ್ಟಿನಲ್ಲಿ ಗೌರವ ಕೊಡಲು ಸುಮ್ಮನಿದ್ದದ್ದೇ ಮುಳುವಾಯಿತು ಎಂದು ಹಿಟ್ಟಿನ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದೆ. ವಿಜಯಾ ಗೆರೆಯನ್ನು ಅಂಗೈಯಿಂದ ಅಳಿಸಿದಳು.

"ನಿಮ್ಮ ಪಾಠ ಕಾಲೇಜಿನ್ಯಾಗ ಇರ್ಲಿ" ಎಂದಳು. "ನನಗ ಅವ್ವ ಅಂತ ಇದ್ದಾಕಿ ಆಕಿ ಒಬ್ಬಾಕಿ. ಆಕಿ ಬರಲಾರದ ಲಗ್ನದಾಗ ನಾ ಅಕ್ಕಿಕಾಳ ಹ್ಯಾಂಗ ಹಾಕ್ಲಿ?"

ನಾನು ಮಾಳಿಗೆ ಹತ್ತಿದೆ. ವೈಫೈಯನ್ನು ನಂಬದೆ, ಹಪ್ಪಳ ದಾಟಿ ಮೂಲೆಗೆ ಹೋಗಿ, ಬಾಗೇವಾಡಿಗೆ ಇನ್ನೊಮ್ಮೆ ಫೋನು ಹಚ್ಚಿ, ಗೌರವ್ವತ್ತಿಗೆ ಕೊಡು ಎಂದೆ. ಅವರು ಫೋನಿನ ಹತ್ತಿರ ಬರಲಿಲ್ಲ. ಅವರು ಒಳಗಿನಿಂದ ಹೇಳಿಕಳಿಸಿದ್ದನ್ನು ಗುರಣ್ಣ ನನಗೆ ಮುಟ್ಟಿಸಿದ. ನೆನಪಾದ ಮೇಲೆ ಕರೆದರೆ ಅದು ಕರೆಯುವುದಲ್ಲ, ತಾವೇ ಬೇಡಿ ಕರೆಸಿಕೊಂಡಂತೆ, ಅಂಥದು ತಮಗೆ ಬೇಡ ಎಂದಿದ್ದರಂತೆ. ಕಾಲೇಜಿನಲ್ಲಿ ನಾನು ವರ್ಷ ವರ್ಷ ಹೇಳುತ್ತ ಬಂದದ್ದೂ ಇದನ್ನೇ. ಮಾತಿನ ವ್ಯವಹಾರದಲ್ಲಿ ಇನ್ನೊಮ್ಮೆ ಕಳಿಸುವುದಕ್ಕೆ ಬೆಲೆ ಇಲ್ಲ, ತಡವಾಗಿ ಬಂದದ್ದನ್ನು ಬಾಗಿಲಿನಿಂದಲೇ ಸಾಗಹಾಕುತ್ತಾರೆ. ಹುಡುಗರು ಅದನ್ನು ಬರೆದುಕೊಂಡು ಪಾಸಾದರು, ನಾನು ಮಾತ್ರ ಅದರಲ್ಲಿ ಫೇಲಾಗಿ ಮಾಳಿಗೆಯ ಮೇಲೆ ನಿಂತಿದ್ದೆ.

ಸೋಲೊಪ್ಪದೆ ಗುರಣ್ಣನಿಗೇ ತಿಳಿಸಿ ಹೇಳಲು ನೋಡಿದೆ. ಪೊಟ್ಟಣ, ಬಸ್ಸು, ರಫು, ಎಲ್ಲವನ್ನೂ ಬಿಡಿಸಿ ಹೇಳಿದೆ. ಗೊಬ್ಬರದ ಅಂಗಡಿಯಲ್ಲಿ ಕೂತು ಎಂಥೆಂಥ ಕಂಪನಿಯ ಏಜೆಂಟರ ಮಾತು ಕೇಳಿದವನು ಅವನು, ನಡುವೆ ಬಾಯಿ ಹಾಕದೆ ಪೂರಾ ಕೇಳಿಸಿಕೊಂಡ.

"ಮಾಮಾ, ನೀವು ಶಾಣ್ಯಾರದೀರಿ, ನಾ ಇಲ್ಲನ್ನೂದಿಲ್ಲ" ಎಂದ. "ಆದ್ರ ನನ್ನ ಹೆಸರ ಸರೀಗಿ ಬಂತು, ನಮ್ಮಾಕಿದು ಬಂತು, ಸಣ್ಣ ಹುಡುಗಂದೂ ಬಂತು. ಹಿರೇರದೊಂದ ಹ್ಯಾಂಗ ಬಿತ್ತು? ನಡುವ ಕರ್ ಅಂತ ಸಪ್ಪಳರ ಬಂದಿದ್ರ ನಂಬ್ತಿದ್ದೆ. ಮಾತು ಬೆಣ್ಣಿ ಬೆಣ್ಣಿ ಬಂತ್ರಿ."

ಬೆಣ್ಣೆಯಂತೆ ಬಂದದ್ದೇ ಕೇಡಾಯಿತು ಎಂದು ಅವನಿಗೆ ಹೇಗೆ ಹೇಳಲಿ? ರಫು ಅಷ್ಟು ಚೆನ್ನಾಗಿ ಬಿದ್ದಿತ್ತು. ಅಪ್ಪನ ಕಾಲದ ಕರಕರ ಫೋನಾಗಿದ್ದರೆ ಗೌರವ್ವತ್ತಿಯೇ ಏನಂದ್ರಿ ಮಾಸ್ತರ ಎಂದು ಕೇಳುತ್ತಿದ್ದರು, ನಾನು ಕೂಗುತ್ತಿದ್ದೆ, ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ತೂತನ್ನು ಇಷ್ಟು ನಯವಾಗಿ ಮುಚ್ಚುವುದನ್ನು ಕಂಡುಹಿಡಿದ ಪುಣ್ಯಾತ್ಮ ಯಾರೋ, ಅವನ ಮನೆಯಲ್ಲಿ ಲಗ್ನಕ್ಕೆ ಹೆಸರು ಹಿಡಿದು ಕರೆಯುವ ಪದ್ಧತಿ ಇದ್ದಿರಲಾರದು.

ಮುಂದಿನ ಕೆಲವು ದಿನ ಮನೆಯಲ್ಲಿ ನನಗೆ ಊಟ ಸಿಗುತ್ತಿತ್ತು, ಮಾತು ಸಿಗುತ್ತಿರಲಿಲ್ಲ. ರೊಟ್ಟಿ ತಟ್ಟುವ ಸಪ್ಪಳದಲ್ಲಿಯೇ ನನಗೆ ಬೇಕಾದ ಉತ್ತರಗಳೆಲ್ಲ ಬರುತ್ತಿದ್ದವು. ಶನಿವಾರ ಮುದ್ದೇಬಿಹಾಳದಿಂದ ಬಂದ ಸ್ವಾತಿ ನನ್ನ ವಿವರಣೆಯನ್ನು ಸಮಾಧಾನವಾಗಿ ಕೇಳಿದಳು. ವಿಜ್ಞಾನ ಕಲಿಸುವವಳು, ಅವಳಾದರೂ ನನ್ನ ಪಕ್ಷ ಎಂದುಕೊಂಡೆ. ಎಲ್ಲ ಕೇಳಿ, ಗುರುಮಾಮ ಬರದಿದ್ದರೆ ತಾನು ಹಂದರದೊಳಗೆ ಹೆಜ್ಜೆ ಇಡುವುದಿಲ್ಲ, ಪ್ಯಾಕೆಟ್ಟಿನ ಕೈ ಹಿಡಿದು ಬರಲು ತನ್ನಿಂದ ಆಗುವುದಿಲ್ಲ ಎಂದಳು. ನಗುತ್ತಲೇ ಹೇಳಿದಳು, ಆದರೆ ಕಣ್ಣು ತುಂಬಿತ್ತು. ಇಷ್ಟು ದಿನ ನನ್ನ ಪಾಠದ ಮರ್ಯಾದೆ ಹೋಯಿತೆಂದು ಕೊರಗುತ್ತಿದ್ದವನಿಗೆ, ಹೋಗುತ್ತಿರುವುದು ಏನೆಂದು ಆಗ ತಿಳಿಯಿತು.

ದಾರಿ ಹೊಳೆದದ್ದು ಮಾತ್ರ ಕಾಲೇಜಿನಲ್ಲಿಯೇ. ಸೋಮವಾರ ಕಪ್ಪುಹಲಗೆಯ ಮೇಲೆ ಪ್ಯಾಕೆಟ್ಟುಗಳ ಸಾಲು ಬರೆದು, ಹಿಂದಿನದರ ನಕಲನ್ನು ಮುಂದಿನದು ಹೊತ್ತು ಒಯ್ಯುವ ಉಪಾಯ ಹೇಳುತ್ತಿದ್ದೆ. ಮೂರನೆಯದು ಬಿದ್ದರೆ ಎಲ್ಲಿ ಹುಡುಕಬೇಕು ಎಂದು ಕೇಳಿದೆ. ನಾಲ್ಕನೆಯದರಲ್ಲಿ ಎಂದರು ಹುಡುಗರು. ಸುಣ್ಣದಕಡ್ಡಿ ನನ್ನ ಕೈಯಲ್ಲಿಯೇ ಉಳಿಯಿತು. ಬಾಗೇವಾಡಿಯ ಕರೆಯ ಬೆನ್ನಿಗೇ ನಾನು ಇಂಡಿಗೆ ಕರೆ ಮಾಡಿದ್ದೆ. ಪದ್ಧತಿಯ ಪ್ರಕಾರ ಯಾರಿಗೆ ಹೇಳಿ ಬಂದೆನೆಂದು ಶಾರದಕ್ಕನಿಗೆ ತಿಳಿಸಿದ್ದೆ. ಬಾಗೇವಾಡಿ ಗೌರವ್ವತ್ತಿಗೆ ಹೇಳಿ ಈಗ ನಿಮಗ ಹೇಳಾಕತ್ತೇನಿ ಅಕ್ಕಾ ಎಂದಿದ್ದೆ. ಬಾಗೇವಾಡಿಯಲ್ಲಿ ಬಿದ್ದ ಹೆಸರಿನ ನಕಲು ಇಂಡಿಯಲ್ಲಿ, ನಿಂಬೆಗಿಡದ ಕೆಳಗೆ ಸುರಕ್ಷಿತವಾಗಿತ್ತು. ಹುಡುಗರಿಗೆ ಉಳಿದದ್ದನ್ನು ನೀವೇ ಓದಿಕೊಳ್ಳಿ ಎಂದು ಹೇಳಿ ಹೊರಗೆ ಓಡಿಬಂದು ಅಕ್ಕನಿಗೆ ಫೋನು ಹಚ್ಚಿದೆ.

ಶಾರದಕ್ಕನಿಗೆ ನೆನಪಿತ್ತು. ಚೆನ್ನಾಗಿಯೇ ನೆನಪಿತ್ತು, ಯಾಕೆಂದರೆ ಒಡಹುಟ್ಟಿದ ಅಕ್ಕನಿಗಿಂತ ಹೆಂಡತಿಯ ಸೋದರತ್ತೆ ಮೊದಲಾದಳೇ ಎಂದು ಅವಳಿಗೆ ಅಂದೇ ಒಳಗೊಳಗೆ ಚುಚ್ಚಿತ್ತಂತೆ, ಅದಕ್ಕೇ ಇದುವರೆಗೆ ತಾನಾಗಿ ಬಾಯಿ ಬಿಟ್ಟಿರಲಿಲ್ಲ. ಆ ಮಾತನ್ನು ನನಗೆ ಮೂರು ಬಗೆಯಲ್ಲಿ ಕೇಳಿಸಿ, ಮನಸ್ಸು ಹಗುರ ಮಾಡಿಕೊಂಡು, ಆಮೇಲೆ ಬಾಗೇವಾಡಿಗೆ ಫೋನು ಮಾಡಿದಳು. ಗೌರವ್ವತ್ತಿ ನನ್ನ ಫೋನಿಗೆ ಬರದಿದ್ದರೂ ಅವಳ ಫೋನಿಗೆ ಬಂದರು. ಅವರಿಬ್ಬರ ನಡುವೆ ಏನೇನು ನಡೆಯಿತೋ ಪೂರ್ತಿ ಗೊತ್ತಿಲ್ಲ, ಅಕ್ಕ ಹೇಳಿದ್ದಿಷ್ಟು. ಮೊದಲ ಕರೆ ತನಗಲ್ಲ, ನಿಮಗೇ ಬಂದಿದೆ, ಅದಕ್ಕೆ ತನ್ನ ಹೊಟ್ಟೆಯುರಿಯೇ ಸಾಕ್ಷಿ ಎಂದು ಇವಳು ಹೇಳಿದಳಂತೆ.

"ಆತು" ಎಂದರಂತೆ ಮುದುಕಿ ಕೊನೆಗೆ. "ನೀ ನಿನ್ನ ಸಲುವಾಗಿ ಬೇಕಾದ್ರ ಸುಳ್ಳ ಹೇಳ್ತಿ. ಇನ್ನೊಬ್ಬಾಕಿ ಮೊದಲ ಅಂತ ಸುಳ್ಳ ಹೇಳಾಕಿ ಅಲ್ಲ. ಮಾಸ್ತರಗ ಪತ್ರಿಕಿ ತಗೊಂಡು ಬಾ ಅನ್ನು."

ಮರುದಿನ ಬೆಳಿಗ್ಗೆ ಗುಲಾಬಿ ಹೂವು ಬಂತು. ಅದನ್ನು ನಾನು ವಿಜಯಾಳಿಗೆ ತೋರಿಸಿದೆ, ಅವಳು ಅದನ್ನು ಕಣ್ಣಿಗೆ ಒತ್ತಿಕೊಂಡಳು. ಅವಳ ಬಾಯಿಂದ ಮಾತೂ ಬಂತು. ನಾನು ಎದೆ ಉಬ್ಬಿಸಿ, ನೋಡಿದೆಯಾ, ಹೆಸರು ಬಿದ್ದದ್ದು ಫೋನಿನಲ್ಲಿ, ಅದನ್ನು ಎತ್ತಿದ್ದು ನನ್ನ ಪಾಠ ಎಂದೆ. ಆ ಗೆಲುವಿನಲ್ಲಿ ಅವಳು ಅದಕ್ಕೂ ತಲೆಯಾಡಿಸಿದಳು. ಪತ್ರಿಕೆ ಅಚ್ಚಾಗಿ ಬಂದ ರವಿವಾರವೇ ತೆಂಗಿನಕಾಯಿ, ಕುಂಕುಮ, ಗೌರವ್ವತ್ತಿಗೆ ಒಂದು ಇಳಕಲ್ ಸೀರೆ ಹಿಡಿದು ಇಬ್ಬರೂ ಬಸ್ಸು ಹತ್ತಿದೆವು. ಹೂವಿನ ಹಿಪ್ಪರಗಿ ದಾಟುವವರೆಗೂ ನಾನು ಆ ಪ್ಯಾಕೆಟ್ಟಿನ ಪ್ರತಾಪವನ್ನು ವಿಜಯಾಳಿಗೆ ಹೇಳುತ್ತಲೇ ಇದ್ದೆ, ಮುಂದಿನ ಸೀಟಿನವರು ಒಂದೆರಡು ಸಲ ತಿರುಗಿ ನೋಡಿದರು. ಹೆಸರುಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಿ ಎಂದು ಅವಳು ಹೇಳಿದಳು. ಅಲ್ಲಿ ಎದುರುಬದುರು ಮಾತು, ಬೀಳಲು ಜಾಗವೇ ಇಲ್ಲ, ಹೆದರಬೇಡ ಎಂದೆ.

ಬಾಗೇವಾಡಿಯ ನಡುಮನೆಯಲ್ಲಿ ಜಮಖಾನೆ ಹಾಸಿದ್ದರು. ಗೌರವ್ವತ್ತಿ ಗೋಡೆಗೆ ಒರಗಿ ಕೂತಿದ್ದರು, ಗುರಣ್ಣ ಅವರ ಮಗ್ಗುಲಿಗೆ, ಅವನ ಹೆಂಡತಿ ಮಕ್ಕಳು ಬಾಗಿಲ ಹತ್ತಿರ. ವಿಜಯಾ ಅತ್ತೆಯ ಕಾಲು ಮುಟ್ಟಿ ಅಲ್ಲಿಯೇ ತೊಡೆಯ ಹತ್ತಿರ ಕೂತುಬಿಟ್ಟಳು. ಮುದುಕಿ ಅವಳ ತಲೆ ಸವರುತ್ತಿದ್ದರು. ನಾನು ಪತ್ರಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ಗೌರವ್ವತ್ತಿಯವರೇ ಮೊದಲು ಬರಬೇಕು ಎಂದೆ. ಸಾಲದೆಂದು ಎರಡನೇ ಸಲವೂ ಅವರ ಹೆಸರು ಹೇಳಿದೆ. ಆಮೇಲೆ ಗುರಣ್ಣನ ಹೆಂಡತಿ, ದೊಡ್ಡ ಮಗಳು, ಸಣ್ಣ ಮಗ, ಮಾಳಿಗೆಯ ಮೇಲಿನ ಬಾಡಿಗೆಯ ಮಾಸ್ತರರು, ಅವರ ಹೆಂಡತಿ, ಅಲ್ಲಿಯವರೆಗೆ ಯಾರನ್ನೂ ಬಿಡಲಿಲ್ಲ. ಮುಗಿಸಿ, ಗೆದ್ದವನಂತೆ ಸುತ್ತ ನೋಡಿದೆ. ಗುರಣ್ಣ ಜಮಖಾನೆಯ ಅಂಚಿನ ಎಳೆಯನ್ನು ಎಳೆಯುತ್ತ ತಲೆ ತಗ್ಗಿಸಿ ಕೂತಿದ್ದ. ಯಾಕೆಂದು ನನಗಿನ್ನೂ ತಲೆಗೆ ಹತ್ತಿರಲಿಲ್ಲ. ವಿಜಯಾ ನನ್ನನ್ನು ನೋಡಿದ ನೋಟದಿಂದ ಹತ್ತಿತು. ಸೋದರಮಾವನನ್ನೇ ಬಿಟ್ಟಿದ್ದೆ.

ಈಗ ಹೇಳಿದರೆ ನೆನಪಾದ ಮೇಲೆ ಹೇಳಿದಂತೆ, ಹೇಳದಿದ್ದರೆ ಮುಗಿದೇ ಹೋಯಿತು. ಅಷ್ಟರಲ್ಲಿ ಗೌರವ್ವತ್ತಿ ಕೈಚಾಚಿ ಪತ್ರಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಗುರಣ್ಣನ ತೊಡೆಯ ಮೇಲಿಟ್ಟರು.

"ಇವನ್ನ ಯಾಕ ಕರೀತಾರಪಾ, ಕೂಸಿನ ಕೈ ಹಿಡದು ತರಾಂವ ಇವ" ಎಂದರು. "ಕರಿಯೂದು ಹೊರಗಿನವರ್ನ. ಮಾಸ್ತರಗ ಅಷ್ಟೂ ತಿಳಿಯೂದಿಲ್ಲೇನು. ಏಳು, ಚಾ ಇಡಾಕ ಹೇಳು."

ಗುರಣ್ಣ ತಲೆ ಎತ್ತಿದ. ಮುಖ ಅರಳಿತ್ತು. ಹೌದಲಾ ಮಾಮಾ ಎಂದು ನಗುತ್ತ ಎದ್ದುಹೋದ. ತಮ್ಮ ಹೆಸರು ಬಿತ್ತೆಂದು ಮನೆಯನ್ನೇ ಅಲ್ಲಾಡಿಸಿದ ಆ ತಾಯಿ, ನಾನು ಬೀಳಿಸಿದ ಇನ್ನೊಂದು ಹೆಸರನ್ನು ಯಾರಿಗೂ ಸಪ್ಪಳ ಕೇಳದ ಹಾಗೆ ಎತ್ತಿ ಜಾಗಕ್ಕೆ ಕೂಡಿಸಿದ್ದರು. ಅವರ ಕಾಲು ಹಿಡಿದುಬಿಡೋಣ ಎನ್ನಿಸಿತು. ಬದಲಿಗೆ ಎರಡು ಕಪ್ಪು ಚಹಾ ಕುಡಿದೆ. ಬೇಡವೆಂದರೂ ಬಿಡದೆ ಉಣಿಸಿ, ವಿಜಯಾಳ ಉಡಿ ತುಂಬಿ, ಸಂಜೆಗೆ ನಮ್ಮನ್ನು ಬೀಳ್ಕೊಟ್ಟರು.

ಅಂಗಳದಲ್ಲಿ ನಾವಿಬ್ಬರೇ ಆದಾಗ ವಿಜಯಾ ನನ್ನ ಕಿವಿಯ ಹತ್ತಿರ ಬಂದು, ಬಹಳ ಮೆತ್ತಗೆ ಕೇಳಿದಳು.

"ರೀ, ಇಲ್ಲೆ ಯಾವ ನೆಟ್ ಕಟ್ ಆಗಿತ್ತು?"

ನಾನು ತಲೆ ತಗ್ಗಿಸಿ ಚಪ್ಪಲಿ ಹುಡುಕತೊಡಗಿದೆ. ಅವು ನನ್ನ ಕಾಲಲ್ಲಿಯೇ ಇದ್ದವು.